ಗ್ಯಾಸ್ ಸಂಘದ ಬಿರಿಯಾನಿ

ಬೇರೆಯವರಿಗೆ ವರ್ಷಕ್ಕೊಂದು ಸಲ ಆಗುವಂಥ ಫಜೀತಿ ನನಗೆ ವಾರಕ್ಕೆ ಎರಡು ಸಲ ಆಗುತ್ತದೆ. ಅದರಲ್ಲೂ ದುಬೈಯ ಕರಾಮದಲ್ಲಿ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುತ್ತಿದ್ದಾಗ, ಪೇಜರ್ ಹೋಗಿ ಮೊಬೈಲ್ ಬಂದ ಆ ನಾಲ್ಕಾರು ವರ್ಷ, ಒಂದು ವಾರವೂ ತಪ್ಪಿದ್ದಿಲ್ಲ. ಇಲ್ಲಿ ಹೇಳುವುದೆಲ್ಲ ಪೂರಾ ಸತ್ಯ. ಸುಳ್ಳು ಅನ್ನುವವರು ಆಗ ಕರಾಮದಲ್ಲಿ ಇರಲಿಲ್ಲ.

೧. ನನ್ನ ಹುದ್ದೆ

ಕರಾವಳಿಯ ಬ್ಯಾರಿ ನಾನು. ಶಾಲೆಗೆ ಹೋದದ್ದು ಮಳೆ ಬಂದಾಗ ಜಗಲಿಯಲ್ಲಿ ನಿಲ್ಲಲಿಕ್ಕೆ ಮಾತ್ರ. ಆದರೆ ಎಡ ಹೆಗಲಿಗೆ ತುಂಬಿದ ಸಿಲಿಂಡರ್ ಏರಿಸಿ, ಬಲಗೈಯಲ್ಲಿ ಹಾಲಿಲ್ಲದ ಸುಲೈಮಾನಿ ಚಾ ಹಿಡಿದು ನಾಲ್ಕು ಮಾಳಿಗೆ ಹತ್ತಿದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಸಿಲಿಂಡರಿಗೆ ಒಮ್ಮೆ ಕುಟ್ಟಿದರೆ ಒಳಗೆ ಇನ್ನೆಷ್ಟು ದೋಸೆಯ ಗ್ಯಾಸ್ ಉಂಟು ಅಂತ ಹೇಳುತ್ತಿದ್ದೆ. ಒಂದು ಮನೆಯಲ್ಲಿ ಮೂವತ್ತೊಂದು ಅಂದೆ. ಮೂವತ್ತೆರಡನೆಯದು ಕಾವಲಿಯ ಮೇಲೇ ಹಸಿ ಉಳಿಯಿತು.

ಹೀಗಿರುವಾಗ ಸುದ್ದಿ ಬಂತು. ಹೊಸ ಬಿಲ್ಡಿಂಗಿಗೆಲ್ಲ ಪೈಪಿನಲ್ಲಿ ಗ್ಯಾಸ್ ಬಂದಾಗಿತ್ತು. ಇನ್ನು ನಮ್ಮ ರಸ್ತೆಯ ಹಳೆ ಬಿಲ್ಡಿಂಗಿಗೂ ಪೈಪ್ ಎಳೆಯುತ್ತಾರಂತೆ. ಎಳೆದರೆ ನಮ್ಮ ಏಳು ಅಂಗಡಿ ಖಲಾಸ್. ಅಲ್ಲಿಯವರೆಗೆ ಒಬ್ಬರ ಫೋನ್ ನಂಬರಿನ ಸ್ಟಿಕ್ಕರನ್ನು ಇನ್ನೊಬ್ಬರು ಲಿಫ್ಟಿನಿಂದ ಕೆರೆದು ತೆಗೆಯುತ್ತಿದ್ದ ನಾವು ಏಳು ಜನ ಒಂದೇ ಮೇಜಿಗೆ ಕೂತು ಸಂಘ ಮಾಡಿದೆವು. ಸರ್ಕಾರಿ ಕಚೇರಿಗೆ ಹೋಗಬೇಕು, ನಮ್ಮ ರಸ್ತೆಯನ್ನು ಸಿಲಿಂಡರಿಗೇ ಬಿಡಿ ಅಂತ ಕೇಳಬೇಕು.

ಅಧ್ಯಕ್ಷ ಯಾರು? ನಾನು ಆಗಲೇ ಎದ್ದು ನಿಂತು ಬನಿಯನ್ ಸರಿ ಮಾಡಿಕೊಂಡಿದ್ದೆ. ಅವರು ಆರಿಸಿದ್ದು ಉಡುಪಿ ಕಡೆಯ ಶೆಟ್ರನ್ನು. ಅಂಗಡಿ ತೆರೆದು ಮೂರು ವರ್ಷ ಆಗಿರಲಿಲ್ಲ. ಒಂದು ಸಿಲಿಂಡರನ್ನೂ ಸ್ವತಃ ಹೊತ್ತವರಲ್ಲ. ಇದ್ದದ್ದು ಒಂದು ಕೋಟು, ಒಂದಿಷ್ಟು ಇಂಗ್ಲಿಷು. ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಪಾತ್ರೆ ಇಟ್ಟಿದ್ದರೆ ಅನ್ನ ಬೇಯುತ್ತಿತ್ತು.

"ಬ್ಯಾರಿಗಳೇ, ನೀವು ನಮ್ಮ ಗೌರವ ಸಲಹೆಗಾರರು," ಅಂದರು ಶೆಟ್ರು.

"ಅಂದರೆ ಎಂಥದು?"

"ಯಾರಾದರೂ ಕೇಳಿದರೆ ಹೇಳುವುದು."

"ಕೇಳದಿದ್ದರೆ?"

"ಚಾ ಕುಡಿಯುವುದು."

ಅವತ್ತಿನಿಂದ ನಾನು ಚಾ ಕುಡಿದೆ.

೨. ಲೈಟರ್

ಪೈಪ್ ಬೇಡ ಅಂತ ಮನೆಮನೆಯ ಹೆಂಗಸರ ಸಹಿ ತರಬೇಕು ಅಂತಾಯಿತು. ಇದರಲ್ಲಾದರೂ ಶೆಟ್ರನ್ನು ಮಲಗಿಸುತ್ತೇನೆ ಅಂತ ಹೊರಟೆ. ಕರಾಮದಲ್ಲಿ ನನಗೆ ಗೊತ್ತಿಲ್ಲದ ಅಡಿಗೆಮನೆ ಇರಲಿಲ್ಲ. ಯಾರ ಮನೆಯಲ್ಲಿ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಗಂಡಹೆಂಡತಿ ಮಾತು ಬಿಟ್ಟು ಹೋಟೆಲಿನಿಂದ ತರಿಸುತ್ತಿದ್ದಾರೆ, ಎಲ್ಲ ಸಿಲಿಂಡರ್ ಎಷ್ಟು ದಿನ ಬಂತು ಅನ್ನುವುದರಲ್ಲೇ ತಿಳಿಯುತ್ತಿತ್ತು.

ಮೊದಲ ಮನೆ ಮಂಗಳೂರಿನ ನರ್ಸ್ ಬಾಯಿಯದು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಿ ಅಂತಲೇ ಕರೆಯುವುದು. ಬಾಗಿಲಲ್ಲೇ ನಿಂತು, "ನಾನು ಸಹಿ ಹಾಕುವುದಿಲ್ಲ ಬ್ಯಾರಿಗಳೇ. ಬರುವ ತಿಂಗಳು ಎದುರಿನ ಹೊಸ ಬಿಲ್ಡಿಂಗಿಗೆ ಹೋಗುತ್ತಿದ್ದೇನೆ. ಅಲ್ಲಿ ಪೈಪ್ ಉಂಟು," ಅಂದರು.

"ಬಾಯಿ, ಪೈಪಿನ ಅಡಿಗೆಗೆ ರುಚಿ ಬರುವುದಿಲ್ಲ."

"ಸಿಲಿಂಡರಿಗೆ ಫೋನ್ ಮಾಡಿದರೆ ನೀವು ಬರುವುದಿಲ್ಲ. ಅದಕ್ಕಿಂತ ಇದು ವಾಸಿ."

ಎರಡು ದಿನ ತಿರುಗಿದೆ. ಎಲ್ಲಿ ಹೋದರೂ, "ಆಗಲೇ ಹಾಕಿದ್ದೇವಲ್ಲ, ಶೆಟ್ರು ಬಂದಿದ್ದರು," ಅನ್ನುತ್ತಿದ್ದರು. ನೋಡಿದರೆ ಶೆಟ್ರು ಒಂದೊಂದು ಸಹಿಗೆ ಒಂದೊಂದು ಗ್ಯಾಸ್ ಲೈಟರ್ ಹಂಚಿದ್ದಾರೆ. ಮೂರನೇ ದಿನ ಸುಸ್ತಾಗಿ ಮನೆಗೆ ಬಂದು, ನನ್ನ ಹೆಂಡತಿಯ ಸಹಿಯಾದರೂ ಇರಲಿ ಅಂತ ಕಾಗದ ಚಾಚಿದೆ. ಅವಳು ಒಲೆ ಹಚ್ಚುತ್ತಿದ್ದಳು. ಕೈಯಲ್ಲಿ ಹೊಸ ಲೈಟರ್.

"ನೀನೂ ಅವರಿಗೆ ಹಾಕಿದೆಯಾ?"

"ಅವರು ಬಂದು ಕೇಳಿದರು. ನೀವು ಇವತ್ತು ಕೇಳುತ್ತಿದ್ದೀರಿ."

ಶೆಟ್ರ ಪಟ್ಟಿ ಮೊಳ ಉದ್ದ ಇತ್ತು. ನನ್ನದರಲ್ಲಿ ಒಂದೇ ಗುರುತು, ನನ್ನ ಹೆಬ್ಬೆಟ್ಟು. ಆ ಹಾಳು ಲೈಟರ್ ಹದಿನಾಲ್ಕು ವರ್ಷ ಬಾಳಿಕೆ ಬಂತು.

೩. ಕೋಟು

ಕಚೇರಿಗೆ ಹೋಗುವ ದಿನ ಗೊತ್ತಾಯಿತು. ಶೆಟ್ರದ್ದು ಕಪ್ಪು ಕೋಟು. ನಾನು ಪಕ್ಕದ ಸತ್ವಾ ಬಡಾವಣೆಯ ಟೈಲರ್ ಹತ್ತಿರ ಹೋಗಿ, ಅದಕ್ಕಿಂತ ಕಪ್ಪಾಗಿರುವ ಬಟ್ಟೆ ಉಂಟಾ ಅಂತ ಕೇಳಿ ಒಂದು ಹೊಲಿಸಿದೆ. ಆಗಸ್ಟ್ ತಿಂಗಳು. ಟ್ಯಾಕ್ಸಿಯಿಂದ ಇಳಿದು ಕಚೇರಿಯ ಬಾಗಿಲು ಮುಟ್ಟುವಷ್ಟರಲ್ಲಿ ನಾನು ಅರ್ಧ ಬೆಂದಿದ್ದೆ. ಆದರೂ ಗಾಜಿನಲ್ಲಿ ನೋಡಿಕೊಂಡರೆ ಮಂತ್ರಿಯ ಹಾಗೆ ಕಾಣುತ್ತಿದ್ದೆ. ಶೆಟ್ರು ನನ್ನ ಡ್ರೈವರಿನ ಹಾಗೆ.

ಒಳಗೆ ಹೋದದ್ದೇ ಸೈ, ಕಾಲು ತಾನಾಗಿಯೇ ನಡೆಯಿತು. ಇಪ್ಪತ್ತು ವರ್ಷ ಯಾವ ಬಾಗಿಲು ದಾಟಿದರೂ ನೇರ ಅಡಿಗೆಮನೆಗೆ ಹೋದ ಕಾಲು ಅದು. ಉಳಿದವರು ಆಫೀಸರ ಕೋಣೆಗೆ ತಿರುಗಿದರು, ನಾನು ಚಪ್ಪಲಿ ಬಿಟ್ಟು ಚಾ ಮಾಡುವ ಕೋಣೆಗೆ ತಿರುಗಿದೆ. ಅಲ್ಲಿ ಚಾ ಮಾಡುವ ಮಲಬಾರಿ ನನ್ನನ್ನು ಕೋಟು ಸಮೇತ ಅಡಿಯಿಂದ ಮುಡಿವರೆಗೆ ನೋಡಿದ. ಮೂಲೆಗೆ ಬೆರಳು ತೋರಿಸಿ, "ಖಾಲಿ ಅಲ್ಲಿದೆ, ತೆಗೆದುಕೊಂಡು ಹೋಗು," ಅಂದ.

ಖಾಲಿ ಸಿಲಿಂಡರ್ ಕಂಡರೆ ನನ್ನ ಹೆಗಲು ಕೇಳುವುದಿಲ್ಲ. ಅವನ ಹತ್ತಿರ ಒಂದು ಚಾ ಕುಡಿದು, ಹೊತ್ತುಕೊಂಡು ಹೊರಗೆ ಬಂದೆ. ಸರಿಯಾಗಿ ಆಗಲೇ ಆಫೀಸರ್ ಸಾಹೇಬರು ನಮ್ಮವರನ್ನು ಬೀಳ್ಕೊಡಲು ಬಾಗಿಲಿಗೆ ಬಂದಿದ್ದರು. ಕರಿ ಕೋಟು, ಬರಿಗಾಲು, ಹೆಗಲ ಮೇಲೆ ಅವರದೇ ಕಚೇರಿಯ ಸಿಲಿಂಡರ್.

ನಾನು ಬಾಯಿ ತೆರೆಯುವ ಮೊದಲು ಶೆಟ್ರು ಇಂಗ್ಲಿಷಿನಲ್ಲಿ ಏನೋ ಅಂದರು. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ತಿಳಿಯಿತು, ಅವರು ಹೇಳಿದ್ದು ಇಷ್ಟು: "ನೋಡಿ ಸರ್, ನೀವು ಕುಡಿಯುವ ಚಾ ಕೂಡ ನಮ್ಮ ಸಿಲಿಂಡರಿನದೇ. ಅದನ್ನು ತೋರಿಸಲಿಕ್ಕೇ ನಮ್ಮ ಹಿರಿಯರನ್ನು ಒಳಗೆ ಕಳಿಸಿದ್ದೆ."

ಸಾಹೇಬರು ಖುಷಿಯಾಗಿ, ಬರುವ ಶುಕ್ರವಾರ ಊಟಕ್ಕೆ ಬರುತ್ತೇನೆ, ನಿಮ್ಮ ರಸ್ತೆ ನೋಡಿಯೇ ತೀರ್ಮಾನ ಮಾಡುತ್ತೇನೆ ಅಂದರು. ಎಲ್ಲರೂ ಶೆಟ್ರ ಕೈ ಕುಲುಕಿದರು. ನನ್ನ ಎರಡೂ ಕೈ ಸಿಲಿಂಡರಿನ ಮೇಲಿತ್ತು.

೪. ಬಿರಿಯಾನಿ

ಶುಕ್ರವಾರ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಶಾಮಿಯಾನ. ಭಟ್ಕಳದ ಬಾಣಸಿಗ ಬಂದ. ನೆರಳಿನಲ್ಲಿ ಏಳು ಅಂಗಡಿಯ ಏಳು ಸಿಲಿಂಡರ್, ಉಜ್ಜಿ ಒರೆಸಿ, ಸ್ಟಿಕ್ಕರ್ ಮುಂದೆ ಮಾಡಿ ಸಾಲಾಗಿ ನಿಲ್ಲಿಸಿದ್ದೆವು. ಬಿರಿಯಾನಿ ಹಂಡೆಯ ಕೆಳಗೆ ಉರಿಯುವುದು ಮಾತ್ರ ಶೆಟ್ರದ್ದೇ ಇನ್ನೊಂದು ಅಂತ ತೀರ್ಮಾನ ಆಗಿತ್ತು. ಸಾಹೇಬರ ಕಣ್ಣಿಗೆ ಬೀಳುವುದು ಅವರ ಸ್ಟಿಕ್ಕರ್.

ಇದನ್ನು ನಾನು ಸಹಿಸುವುದುಂಟಾ? ಜುಮ್ಮಾ ನಮಾಜಿಗೆ ಮೊದಲೇ ಟೆರೇಸಿಗೆ ಹತ್ತಿ, ಹಂಡೆಯ ಕೆಳಗಿನ ಶೆಟ್ರ ಸಿಲಿಂಡರ್ ತೆಗೆದು ಅಡಗಿಸಿ, ಗ್ಯಾಸ್ ಮುಗಿಯುತ್ತಾ ಬಂದ ಒಂದನ್ನು ಇಟ್ಟು, ಅವರ ಸ್ಟಿಕ್ಕರ್ ಅದಕ್ಕೇ ಅಂಟಿಸಿದೆ. ನನ್ನ ತುಂಬಿದ ಸಿಲಿಂಡರ್ ಕೆಳಗೆ ಪಿಕಪ್‌ನಲ್ಲಿ ತಯಾರಿತ್ತು. ಉರಿ ಆರಬೇಕು, ಶೆಟ್ರು ಬೆವರಬೇಕು, ನಾನು ಹೊತ್ತು ತಂದು ಮಾನ ಉಳಿಸಬೇಕು.

ಮಾಂಸಕ್ಕೆ ಅಕ್ಕಿ ಬಿದ್ದ ಕೂಡಲೇ ಉರಿ ಆರಿತು. ಶೆಟ್ರು ಬೆವರಿದರು. ನಾನು ನಗುತ್ತಾ ಇಳಿದು, ಹೆಗಲಿಗೇರಿಸಿ, ನಾಲ್ಕು ಮಾಳಿಗೆ ಒಂದೇ ಉಸಿರಿಗೆ ಹತ್ತಿದೆ. ಹತ್ತುವಾಗ ಬಹಳ ಹಗುರ ಅನ್ನಿಸಿತು. ಪ್ರಾಯ ವಾಪಸ್ ಬಂದಿದೆ ಅಂದುಕೊಂಡೆ.

ಬಾಣಸಿಗ ರೆಗ್ಯುಲೇಟರ್ ತಿರುಗಿಸಿದ. ಉಸ್ ಅನ್ನಲಿಲ್ಲ, ಬುಸ್ ಅನ್ನಲಿಲ್ಲ. "ಬ್ಯಾರಿಗಳೇ, ಕುಟ್ಟಿ ನೋಡಿ, ಎಷ್ಟು ದೋಸೆ ಉಂಟು?" ಅಂದರು ಶೆಟ್ರು. ಆ ನಗು ನೋಡಿದಾಗಲೇ ತಿಳಿಯಿತು, ನನ್ನ ಪಿಕಪ್ ಹತ್ತಿರ ಅವರೂ ಬೆಳಿಗ್ಗೆ ಹೋಗಿ, ತುಂಬಿದ್ದು ತೆಗೆದು ಖಾಲಿಯದ್ದು ಇಟ್ಟಿದ್ದರು.

"ಆ ಸಾಲಿನದ್ದು ಒಂದು ತನ್ನಿ," ಅಂದ ಬಾಣಸಿಗ. ಉಳಿದ ಐವರೂ ನೆಲ ನೋಡಿದರು. ಸುಮ್ಮನೆ ತೋರಿಸಲಿಕ್ಕೆ ಇಡುವುದನ್ನು ತುಂಬಿದ್ದು ಯಾರು ಹೊರುತ್ತಾರೆ ಅಂತ ನಾವು ಏಳು ಜನವೂ ಖಾಲಿಯದ್ದೇ ತಂದಿದ್ದೆವು. ನಾನು ಎತ್ತಿಟ್ಟ ಶೆಟ್ರ ಸಿಲಿಂಡರ್ ಉಂಟಲ್ಲ ಅಂತ ನೆನಪಾಯಿತು. ಅದನ್ನು ಹೇಳಿದರೆ ನನ್ನ ಕಳ್ಳತನ ಹೇಳಿದ ಹಾಗೆ. ಶೆಟ್ರು ಎತ್ತಿಟ್ಟ ನನ್ನದರ ಕತೆಯೂ ಅದೇ.

ಶುಕ್ರವಾರ ಅಂತ ಗೋದಾಮಿಗೂ ಬೀಗ. ಕೊನೆಗೆ ಹಂಡೆಯ ಒಂದು ಕಿವಿ ಶೆಟ್ರು, ಒಂದು ಕಿವಿ ನಾನು ಹಿಡಿದು, ರಸ್ತೆ ದಾಟಿ, ಎದುರಿನ ಹೊಸ ಬಿಲ್ಡಿಂಗಿನ ನರ್ಸ್ ಬಾಯಿಯ ಮನೆಗೆ ಹೋದೆವು. ಬಾಯಿ ಬಾಗಿಲು ಪೂರ್ತಿ ತೆರೆದರು. ನಾಲ್ಕು ಒಲೆಯನ್ನೂ ಹಚ್ಚಿ, "ಪೈಪಿನ ಅಡಿಗೆಗೆ ರುಚಿ ಬರುವುದಿಲ್ಲ, ಆದೀತಾ?" ಅಂದರು ಅಷ್ಟೆ.

ಸಾಹೇಬರು ಬರುವಷ್ಟರಲ್ಲಿ ಹಂಡೆ ವಾಪಸ್ ಟೆರೇಸಿನಲ್ಲಿತ್ತು. ಎರಡು ತಟ್ಟೆ ಉಂಡು ಬೆರಳು ಚೀಪಿ, ಗಲ್ಫಿನ ಅರ್ಧ ಹಿಂದಿಯಲ್ಲಿ, "ಇಂಥ ಹದ ನಮ್ಮ ಮನೆಯಲ್ಲೂ ಬರುವುದಿಲ್ಲ. ಇದು ಯಾರ ಗ್ಯಾಸ್?" ಅಂತ ಕೇಳಿದರು. ಶೆಟ್ರು ಮೆಲ್ಲಗೆ ಕೋಟಿನ ಗುಂಡಿ ಹಾಕಿಕೊಂಡರು. ಅವರ ತುಟಿ ತೆರೆಯುವುದು ಕಂಡಿತು. ಆದರೆ ಸಾಹೇಬರು ನೋಡುತ್ತಿದ್ದದ್ದು ನನ್ನ ಕಡೆಗೆ. "ನೀವು ಹೇಳಿ, ಹಿರಿಯರೇ."

"ಪೈಪಿನದು," ಅಂದೆ.

ಆರು ತಿಂಗಳಲ್ಲಿ ನಮ್ಮ ರಸ್ತೆಗೆ ಪೈಪ್ ಬಂತು. ಅಂಗಡಿ ಮುಚ್ಚಿ ನಾನು ಇನ್ನೂ ಪೈಪ್ ಬಾರದ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿಗೆ ಹೊರಟ ದಿನ ಶೆಟ್ರು ಬಸ್ಸಿನವರೆಗೆ ಬಂದರು. "ಬ್ಯಾರಿಗಳೇ, ಒಂದೇ ಒಂದು ಮಾತು. ಅವತ್ತು ಯಾಕೆ ಹಾಗೆ ಹೇಳಿದಿರಿ?"

"ಶೆಟ್ರೇ, ಹುದ್ದೆ ಕೊಟ್ಟದ್ದು ನೀವೇ," ಅಂದೆ. "ಕೇಳಿದರೆ ಹೇಳಬೇಕು ಅಂದಿರಿ. ಅಷ್ಟು ಕಾಲದಲ್ಲಿ ಕೇಳಿದ್ದು ಅವರೊಬ್ಬರೇ."