ಅಕ್ಕ ಆಫ್ರಿಕಾಕ್ಕೆ ಹೋಗಿ ಬಂದಳು, ನಾನು ಪಾಪಿಯಾದೆ

ದೇವರ ಸೇವೆಗೆ ಹೊರದೇಶಕ್ಕೆ ಹೋದವರಿಗಿಂತ ಮನೆಯಲ್ಲಿ ಉಳಿದವರಿಗೇ ಪಾಪ ಮಾಡಲು ಅವಕಾಶ ಜಾಸ್ತಿ. ನನಗಂತೂ ವಾರಕ್ಕೊಂದು ಸಿಗುತ್ತಿತ್ತು.

ನಾನೂ ನನ್ನ ವಾರಗಿತ್ತಿಯೂ ಚಳ್ಳಕೆರೆಯ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದೆವು. ಅವಳು ದೊಡ್ಡವಳು, ಅಕ್ಕ ಅನ್ನುತ್ತೇನೆ. ಕತ್ತರಿ ಕೆಲಸ ನನ್ನದು, ಕಾಜಾ ಗುಂಡಿ ಅವಳದು. ಸಿಸ್ಟರ್‌ಗಳ ಆಫ್ರಿಕಾದ ಮಿಷನ್ನಿನಲ್ಲಿ ಎರಡು ತಿಂಗಳು ಹೊಲಿಗೆ ಕಲಿಸಲು ಒಬ್ಬರು ಬೇಕು ಅಂದಾಗ ಎಲ್ಲರೂ ಮೊದಲು ನನ್ನ ಮುಖ ನೋಡಿದರು. ಆಮೇಲೆ ನನ್ನ ಹೊಟ್ಟೆ ನೋಡಿದರು. ಎಂಟು ತಿಂಗಳು. ಅಕ್ಕ ವಿಮಾನ ಹತ್ತಿದಳು, ನಾನು ಆಸ್ಪತ್ರೆಯ ಮಂಚ ಹತ್ತಿದೆ.

ಸಾಕ್ಷಿ

ಅಕ್ಕ ಬಂದ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಅವಳನ್ನು ಮೈಕಿನ ಮುಂದೆ ನಿಲ್ಲಿಸಿ, "ಅಲ್ಲಿ ದೇವರನ್ನ ಹೇಗೆ ಕಂಡೆ ಅಂತ ಐದು ನಿಮಿಷ ಹೇಳಮ್ಮ" ಅಂದರು. ಐದು ನಿಮಿಷ ಅವಳಿಗೆ ವಿಮಾನದಿಂದ ಇಳಿಯಲಿಕ್ಕೇ ಸಾಲಲಿಲ್ಲ. ಅವಳು ಮುಗಿಸುವ ಹೊತ್ತಿಗೆ ನನ್ನ ಮಗು ಎರಡು ಸಲ ಹಾಲು ಕುಡಿದು ಒಂದು ಸಲ ನನ್ನ ಸೀರೆ ಒದ್ದೆ ಮಾಡಿತು.

ಕೊನೆಗೆ ಅಕ್ಕ, "ಆ ಹೆಂಗಸರು ಒಂದು ಕೊಡ ನೀರಿಗೆ ಎರಡು ಮೈಲಿ ನಡೀತಾರೆ. ಅವರ ತಾಳ್ಮೆಯಲ್ಲಿ ನಾನು ಯೇಸುಸ್ವಾಮಿಯನ್ನ ಕಂಡೆ" ಅಂದಳು. ಇಡೀ ಚರ್ಚು ಮೂಗೊರೆಸಿಕೊಂಡಿತು.

ಹಳ್ಳಿಯಿಂದ ಪೂಜೆಗೆ ಬರುವ ಅಜ್ಜಿಯೊಬ್ಬಳು ನನ್ನ ಪಕ್ಕದಲ್ಲೇ ಕೂತಿದ್ದಳು. "ನಾನು ನೀರಿಗೆ ನಲವತ್ತು ವರ್ಷ ನಡೆದೀನಿ" ಅಂತ ಗೊಣಗಿದಳು. "ನನ್ನೊಳಗೆ ಇವಳಿಗೆ ಒಂದು ಕತ್ತೆ ಸೈತ ಕಾಣ್ಲಿಲ್ಲ."

ಹಾರ

ಆಫ್ರಿಕಾದ ಕ್ಯಾಮೆರಾ ರೀಲು ತೊಳೆಸಿ ಫೋಟೋ ತಂದರು. ಮಕ್ಕಳ ನಡುವೆ ಅಕ್ಕ ನಗುತ್ತಾ ನಿಂತಿದ್ದ ಫೋಟೋಕ್ಕೆ ನಮ್ಮತ್ತೆ ಕಟ್ಟು ಹಾಕಿಸಿ, ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕ ನೇತು ಹಾಕಿದರು. ಚರ್ಚಿನವರು ಮಾಡಿದ ಸನ್ಮಾನದಲ್ಲಿ ಅವಳಿಗೆ ಬಂದ ಗಂಧದ ಹಾರವನ್ನೂ ಅದಕ್ಕೇ ಹಾಕಿದರು. "ದೇವರ ಕೆಲಸ ಮಾಡಿ ಬಂದೋಳು" ಅಂತ ಮುಂದೆ ದೀಪ ಬೇರೆ. ಅಲ್ಲಿದ್ದ ನನ್ನ ಕೂಸಿನ ಜ್ಞಾನಸ್ನಾನದ ಫೋಟೋ ಅಡಿಗೆಮನೆಯ ರಾಗಿ ಡಬ್ಬದ ಮೇಲಕ್ಕೆ ಹೋಯಿತು.

ಬೆಳಿಗ್ಗೆ ಮೊಸರು ಮಾರುವ ಹೆಂಗಸು ಬಂದವಳು ಹಾರ ನೋಡಿದಳು, ದೀಪ ನೋಡಿದಳು, ಗಡಿಗೆ ಇಳಿಸಿ ಅಲ್ಲೇ ಕುಸಿದಳು.

"ಅಯ್ಯೋ ನನ್ನವ್ವಾ, ಯಾವಾಗಾತು ಇದು?"

ಅಕ್ಕ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದಳು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಸುಳ್ಳೇನೂ ಹೇಳಲಿಲ್ಲ. "ಬಹಳ ದೂರ ಹೋಗಿದ್ಲಮ್ಮ" ಅಂತ ಒಂದು ನಿಟ್ಟುಸಿರು ಬಿಟ್ಟೆ, ಅಷ್ಟೇ. ಮೊಸರಿನವಳು ರಾಗ ತೆಗೆದು ಅಳತೊಡಗಿದಳು. ಅಕ್ಕ ಒದ್ದೆ ಕೂದಲು ಬಿಟ್ಟುಕೊಂಡು, "ಯಾರೇ ಅದು ಅಳೋದು?" ಅಂತ ಬಂದು ನಿಂತಳು.

ಓಡಿದ ಮೊಸರಿನವಳ ಗಡಿಗೆ ನಮ್ಮಲ್ಲೇ ಉಳಿಯಿತು. ಮರುದಿನ ಅವಳ ಗಂಡ ಬಂದು ಬೀದಿಯಲ್ಲೇ ನಿಂತು ಕೇಳಿದ: "ಆಯಮ್ಮ ಒಳಗೈತಾ?"

ಪ್ರಾಯಶ್ಚಿತ್ತ

ಇದು ಎದೆಯಲ್ಲಿ ಇಟ್ಟುಕೊಳ್ಳುವಂಥ ಪಾಪವಲ್ಲ. ಪಾಪನಿವೇದನೆಗೆ ಹೋಗಿ ಮೊಣಕಾಲೂರಿ, "ಫಾದರ್, ಬದುಕಿರೋ ವಾರಗಿತ್ತಿ ಸತ್ಲು ಅನ್ನೋ ಹಂಗೆ ಮೊಸರಿನವಳನ್ನ ಅಳಿಸ್ದೆ. ಜಪಸರ ಹಿಡಿದ್ರೆ ದೇವರ ಬದ್ಲು ಅವಳ ವಿಮಾನಾನೇ ಕಾಣ್ತೈತೆ" ಅಂದೆ. ಜಾಲರಿಯ ಆಚೆ ಕೆಮ್ಮಿನಂಥ ಏನೋ ಕೇಳಿಸಿತು.

"ಮೂರು ನಮೋ ಮರಿಯ ಜಪ ನಿನಗೆ ಸಾಲೋದಿಲ್ಲ. ಒಂದು ವಾರ, ದಿನಕ್ಕೊಂದು ಒಳ್ಳೇ ಮಾತು ಅವಳಿಗೆ ಹೇಳು" ಅಂದರು ಫಾದರ್.

ಮೊದಲ ದಿನ, "ಅಕ್ಕಾ, ಸಾರು ಚೆನ್ನಾಗೈತೆ" ಅಂದೆ. ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಏನ್ ಒಡೆದ್ಹಾಕ್ದೆ?"

ಎರಡನೇ ದಿನ, "ಈ ಸೀರೆ ನಿಂಗೊಪ್ತೈತೆ" ಅಂದೆ. ಅವಳು ಹೋಗಿ ಟ್ರಂಕಿಗೆ ಬೀಗ ಹಾಕಿ ಬಂದಳು.

ಮೂರನೇ ದಿನ ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ನನ್ನ ಹಣೆ ಮುಟ್ಟಿ ನೋಡಿ ಅಕ್ಕನಿಗೆ ಹೇಳಿದರು: "ಮೂರು ದಿನದಿಂದ ನೋಡ್ತಾ ಇದೀನಿ. ಬಾಣಂತಿ ಸನ್ನಿ ಇರಬೇಕು."

ಬಾಯಿ

ಆ ವಾರ ಮುಗಿಯುವುದರೊಳಗೆ ಮೊಳಕಾಲ್ಮೂರು ಕಡೆಯ ಒಂದು ಹಳ್ಳಿಯಿಂದ ಸಾಕ್ಷಿ ಹೇಳಲು ಅಕ್ಕನಿಗೆ ಕರೆ ಬಂತು. "ಅಲ್ಲಿನ ಅಜ್ಜಿಯರಿಗೆ ತೆಲುಗು ಬಿಟ್ರೆ ಬೇರೆ ತಿಳಿಯಲ್ಲ" ಅಂದರು ಸಿಸ್ಟರ್. ಅಕ್ಕ ದಾವಣಗೆರೆಯವಳು, ತೆಲುಗು ಬಾರದು. ನನ್ನ ತವರಿನಲ್ಲಿ ಮನೆಮಾತೇ ತೆಲುಗು. ಹೀಗೆ ಮಗುವನ್ನು ಮಡಿಲಿಗೆ ಹಾಕಿಕೊಂಡು ಅಕ್ಕನ ಸಾಕ್ಷಿಗೆ ನಾನು ಬಾಯಿಯಾದೆ.

ಅಕ್ಕ ಕನ್ನಡದಲ್ಲಿ, "ನಾನು ವಿಮಾನ ಹತ್ತಿದೆ" ಅಂದಳು. ತೆಲುಗಿನಲ್ಲಿ ನಾವಿಬ್ಬರೂ ಹತ್ತಿದೆವು. ಒಮ್ಮೆ ಹತ್ತಿದ ಮೇಲೆ ಇಳಿಯಲು ಮನಸ್ಸಾಗಲಿಲ್ಲ. ಅಕ್ಕ ಮಕ್ಕಳಿಗೆ ಅಂಗಿ ಹೊಲಿದೆ ಅಂದಳು. ನಾನು ಕತ್ತರಿಸಿಕೊಟ್ಟೆ, ಇವಳು ಕಾಜಾ ಹಾಕಿದಳು ಅಂದೆ. ಅಕ್ಕನಿಗೆ ಅಲ್ಲಿ ಜ್ವರ ಬಂದಿತ್ತಂತೆ. ತೆಲುಗಿನಲ್ಲಿ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿ ಗಂಜಿ ಕುಡಿಸಿದವಳು ನಾನೇ. ಅಜ್ಜಿಯರು ನನ್ನನ್ನೇ ನೋಡಿ ತಲೆದೂಗಿದರು. ದಾವಣಗೆರೆ ದಾಟದವಳು ಅರ್ಧ ಗಂಟೆಯಲ್ಲಿ ಆಫ್ರಿಕಾ ಪೂರ್ತಿ ಸುತ್ತಿದೆ.

ಆಮೇಲೆ ಅಕ್ಕ ವಿಮಾನ, ಅಂಗಿ ಎಲ್ಲ ಬಿಟ್ಟಳು. ಕನ್ನಡ ತಿಳಿಯುವವಳು ಅಲ್ಲಿ ನಾನೊಬ್ಬಳೇ ಎಂಬ ಧೈರ್ಯವೋ ಏನೋ, ಚಳ್ಳಕೆರೆಯಲ್ಲಿ ಎಂದೂ ಹೇಳದ್ದನ್ನು ಹೇಳತೊಡಗಿದಳು.

"ಮೊದಲ್ನೇ ದಿನಾನೇ ಒಂದು ಥಾನು ಬಟ್ಟೆ ತಪ್ಪಾಗಿ ಕತ್ತರಿಸಿ ಹಾಳು ಮಾಡ್ದೆ. ಕತ್ತರಿ ಹಿಡಿಯೋಕೆ ಬರೋಳನ್ನ ಮನೇಲಿ ಕೂರಿಸಿ ನನ್ನನ್ಯಾಕೆ ಕಳಿಸ್ದೆ ಅಂತ ದೇವರನ್ನ ಬೈದೆ. ಅಲ್ಲಿ ದಿನಾ ನಾನು ಬೇಡ್ಕೊಂಡಿದ್ದು ಒಂದೇ, ಈ ನನ್ನ ತಂಗಿ ಕೈಲಿರೋದ್ರಲ್ಲಿ ಅರ್ಧ ನನ್ನ ಕೈಗೆ ಬರ್ಲಿ ಅಂತ. ಅವಳ ಕತ್ತರಿ ಕಂಡ್ರೆ ನಂಗೆ ಮೊದ್ಲಿಂದ್ಲೂ ಹೊಟ್ಟೆಕಿಚ್ಚು."

ಇಷ್ಟು ಹೇಳಿ, ತೆಲುಗಿಗಾಗಿ ಕಾಯುತ್ತಾ ನೆಲ ನೋಡುತ್ತಾ ನಿಂತಳು.

ನಾನು ಮಗುವಿನ ಟೋಪಿ ಸರಿ ಮಾಡಿದೆ. ಸೆರಗು ಸರಿ ಮಾಡಿಕೊಂಡೆ. ಮತ್ತೆ ಟೋಪಿ ಸರಿ ಮಾಡಿದೆ.

ಮುಂದೆ ಕೂತಿದ್ದ ಎಲ್ಲರಿಗಿಂತ ಹಿರಿಯ ಅಜ್ಜಿ ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿ, ಅಚ್ಚ ಕನ್ನಡದಲ್ಲಿ ಹೇಳಿದಳು: "ಹೇಳವ್ವ. ಆಯಮ್ಮ ಹೇಳದಿದ್ದದ್ದನ್ನೆಲ್ಲ ಇಷ್ಟೊತ್ತು ಹೇಳ್ದೆ. ಈಗ ಹೇಳಿದ್ದನ್ನ ಯಾಕೆ ನುಂಗ್ತೀಯಾ?"

ಅಕ್ಕ ನಿಧಾನಕ್ಕೆ ನನ್ನ ಕಡೆ ತಿರುಗಿದಳು. "ಏನೇನ್ ಹೇಳ್ದೆ?"

ನಾನು ಮತ್ತೆ ಟೋಪಿಗೆ ಕೈ ಹಾಕುವಷ್ಟರಲ್ಲಿ ಅಜ್ಜಿಯೇ ಅಂದಳು: "ಹೋಗ್ಲಿ ಬಿಡವ್ವ. ನಿಂಗೆ ಜ್ವರ ಬಂದಾಗ ಇವಳು ಚೆನ್ನಾಗಿ ನೋಡ್ಕೊಂಡವ್ಳೆ."