ನಮ್ಮ ಹುಡುಗಿ ಏನೂ ಓದಲ್ಲ ಮಾರಾಯ

ಮಕ್ಕಳನ್ನು ಹೊಗಳಬೇಕೋ ಬೇಡವೋ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹೊಗಳಿದರೆ ಕೆಡುತ್ತಾರೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಹೊಗಳದಿದ್ದರೆ ಮುದುಡುತ್ತಾರೆ ಎಂದು ಮೊಬೈಲಿನಲ್ಲಿ ಬರುವ, ಹಲ್ಲು ತುಂಬ ಬೆಳ್ಳಗಿರುವ ಒಬ್ಬರು ಹೇಳುತ್ತಾರೆ. ಅದೇ ಮೊಬೈಲಿನಲ್ಲಿ ಇನ್ನೊಬ್ಬರು ಬಂದು, ಮಗುವನ್ನು ಹೊಗಳಬೇಡಿ, ಮಗುವಿನ ಪ್ರಯತ್ನವನ್ನು ಹೊಗಳಿ ಎನ್ನುತ್ತಾರೆ. ಮಗು ಎಲ್ಲಿ ಮುಗಿದು ಪ್ರಯತ್ನ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಬಾಳೂರಿನ ನಮ್ಮ ಗುಡ್ಡದಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ. ನಲವತ್ತಾರು ವರ್ಷದ ಮನುಷ್ಯ, ಹತ್ತು ಎಕರೆ ಕಾಫಿ ತೋಟ ಇಟ್ಟುಕೊಂಡವನು, ಟ್ಯಾಂಕಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮಗಳನ್ನು ಹೊಗಳುವುದು ಹೇಗೆಂದು ಕಲಿಯುತ್ತಿದ್ದದ್ದನ್ನು ಹಣ್ಣು ಕೊಯ್ಯುವವರೆಲ್ಲ ಕೆಳಗಿನಿಂದ ನೋಡಿದ್ದಾರೆ. ಅವರಿಗೆ ಏನನ್ನಿಸಿತೋ, ನಾನು ಕೇಳಲಿಲ್ಲ.

ಇಷ್ಟಕ್ಕೂ ಕಾರಣ ನನ್ನ ಮಗಳು ಇಂಚರ. ಮೂರನೆಯ ಕ್ಲಾಸು. ಜನವರಿಯಲ್ಲಿ, ರೋಬಸ್ಟಾ ಕಾಫಿಯ ಕೊಯ್ಲು ಜೋರಾಗಿದ್ದಾಗ, ಅವಳ ಟೀಚರ್ ಶಾಂತಾ ಮಿಸ್ ನನ್ನನ್ನು ಶಾಲೆಗೆ ಕರೆಸಿದರು. ಕೊಯ್ಲಿನ ಹೊತ್ತಿನಲ್ಲಿ ಬೆಳೆಗಾರನನ್ನು ಕರೆಸುತ್ತಾರೆಂದರೆ ವಿಷಯ ದೊಡ್ಡದೇ ಇರಬೇಕು ಎಂದು ಹೆದರಿಕೊಂಡೇ ಹೋದೆ.

"ನೋಡಿ ಸರ್, ಇಂಚರಂಗೆ ಅಕ್ಷರ ಎಲ್ಲ ಗೊತ್ತು. ಒತ್ತಕ್ಷರಾನೂ ಗೊತ್ತು. ಆದ್ರೆ ಪುಸ್ತಕ ಕೈಗೆ ಕೊಟ್ರೆ ಸಾಕು, ನಂಗೆ ಓದಕ್ಕೆ ಬರಲ್ಲ ಮಿಸ್ ಅಂತ ಮುಚ್ಚಿಟ್ಟುಬಿಡ್ತಾಳೆ," ಎಂದರು ಅವರು. ಫೆಬ್ರವರಿ ಕೊನೆಗೆ ಶಾಲೆಯಲ್ಲಿ 'ಓದುವ ದಿನ'. ಅಪ್ಪ ಅಮ್ಮಂದಿರ ಎದುರು ಪ್ರತಿ ಮಗುವೂ ಒಂದು ಪುಟ ಗಟ್ಟಿಯಾಗಿ ಓದಬೇಕು. ಓದದವರು ಮುಂದಿನ ವರ್ಷ ಕನ್ನಡ ಪೀರಿಯಡ್ಡಿಗೆ ಎರಡನೆಯ ಕ್ಲಾಸಿನ ಮಕ್ಕಳ ಜೊತೆ ಹೋಗಿ ಕೂರಬೇಕು. ಇದು ಅವರ ಶಾಲೆಯ ಪದ್ಧತಿಯಂತೆ.

ವಾಪಸು ಬರುವಾಗ ಜೀಪಿನಲ್ಲಿ ಇಂಚರ, "ಎರಡನೇ ಕ್ಲಾಸಿನ ಬೆಂಚು ಸಣ್ಣದು ಅಪ್ಪ. ನನ್ನ ಕಾಲು ಹಿಡಿಸಲ್ಲ," ಎಂದು ಹೊರಗೆ ನೋಡತೊಡಗಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು.

ನನಗೆ ಅರ್ಥವಾಗದೆ ಹೋದದ್ದು ಏನೆಂದರೆ, ಈ ಹುಡುಗಿ ಐದನೆಯ ವರ್ಷಕ್ಕೇ ಓದುತ್ತಿದ್ದವಳು. ಗೋದಾಮಿನಲ್ಲಿ ಗೊಬ್ಬರದ ಚೀಲದ ಮೇಲೆ ಬೆರಳಿಟ್ಟು "ಕೊಕ್ಕೆ ಬಳಸಬೇಡಿ" ಎಂದು ತಾನೇ ಕೂಡಿಸಿಕೊಂಡು ಓದಿ, "ಕೊಕ್ಕೆ ಅಂದ್ರೆ ಎಂತ ಅಪ್ಪ?" ಎಂದು ಕೇಳಿದ್ದಳು. ನನಗಾದ ಸಂತೋಷ ಇಷ್ಟಷ್ಟಲ್ಲ. ಆ ಚೀಲ ಖಾಲಿಯಾದ ಮೇಲೂ ತೊಳೆದು ಇಟ್ಟುಕೊಂಡಿದ್ದೆ. ನನ್ನ ಹೆಂಡತಿ ಸುಮಿತ್ರ ಅದರಲ್ಲಿ ಕಾಲೊರಸು ಹೊಲಿದಳು, ಅದು ಬೇರೆ ವಿಷಯ. ಅಂಥ ಹುಡುಗಿಗೆ ಈಗ ಓದಲು ಬರುವುದಿಲ್ಲ ಎಂದರೆ ಏನರ್ಥ? ಬಂದದ್ದು ಎಲ್ಲಿಗೆ ಹೋಯಿತು?

ಅವತ್ತು ಸಂಜೆ ಕಾಫಿ ಕುಡಿಯುತ್ತ ಮೆಲ್ಲಗೆ ವಿಚಾರಣೆ ಶುರುಮಾಡಿದೆ. ಶಾಲೆಯಲ್ಲಿ ಯಾರೋ ಏನೋ ಅಂದಿರಬೇಕು, ಅವರು ಯಾರೆಂದು ತಿಳಿದರೆ ಒಂದು ಕೈ ನೋಡಿಯೇಬಿಡುವುದು ಎಂದು ನನ್ನ ಯೋಚನೆ.

"ನಿಂಗೆ ಓದಕ್ಕೆ ಬರಲ್ಲ ಅಂತ ಯಾರು ಪುಟ್ಟಿ ಹೇಳಿದ್ದು?"

"ನೀನೇ."

"ನಾನಾ? ಯಾವಾಗ?"

"ಲೋಕಪ್ಪ ಮಾವಂಗೆ ಹೇಳಿದ್ಯಲ್ಲ, ಕಣದಲ್ಲಿ. ನಮ್ಮ ಹುಡುಗಿ ಏನೂ ಓದಲ್ಲ ಮಾರಾಯ ಅಂತ. ಮೂಡಿಗೆರೇಲಿ ಹಲ್ಲಿನ ಡಾಕ್ಟ್ರಿಗೂ ಹೇಳ್ದೆ. ಮದ್ವೇಲಿ ಊಟಕ್ಕೆ ಕೂತಾಗ ಆ ಕಡೆಯವ್ರಿಗೆ ಒಂದ್ಸಲ, ಈ ಕಡೆಯವ್ರಿಗೆ ಒಂದ್ಸಲ."

ಸುಮಿತ್ರ ಒಳಗಿನಿಂದಲೇ "ಇನ್ನೂ ಕೇಳ್ರೀ, ಕೇಳಿ," ಎಂದಳು.

ಹೊರಗಿನಿಂದ ಬಂದವರಿಗಾಗಿ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಸೀಮೆಯಲ್ಲಿ ಕಾಫಿ ಬೆಳೆದ ಯಾರೂ ತನ್ನ ಫಸಲು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದ ಉದಾಹರಣೆ ಇಲ್ಲ. ಗಿಡದ ರೆಕ್ಕೆ, ಅಂದರೆ ಕೊಂಬೆಯೆಲ್ಲ ಹಣ್ಣಿನ ಭಾರಕ್ಕೆ ನೆಲ ಮುಟ್ಟುತ್ತಿರಲಿ, ರಸ್ತೆಯಲ್ಲಿ ನಿಂತು ಯಾರಾದರೂ "ಹೆಂಗೆ ಈ ಸಲ?" ಎಂದು ಕೇಳಿದರೆ, ಮುಖವನ್ನು ಸಾವಿನ ಮನೆಗೆ ಹೋಗುವವರಂತೆ ಮಾಡಿಕೊಂಡು, "ಎಂತದ್ದೂ ಇಲ್ಲ ಮಾರಾಯ, ಗಿಡ ಖಾಲಿ," ಎನ್ನಬೇಕು. ಕೇಳಿದವನೂ ಬೆಳೆಗಾರನೇ. ಅವನು ನಮ್ಮ ಗಿಡವನ್ನು ಕಣ್ಣಾರೆ ನೋಡುತ್ತಲೇ "ಹೌದಪ್ಪ, ನಮ್ದೂ ಅಷ್ಟೇ," ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಾನೆ. ಇದಕ್ಕೆ ಸುಳ್ಳು ಎಂದು ಹೆಸರಿಲ್ಲ. ದೃಷ್ಟಿಯಾಗಬಾರದು, ಹೇಳಿದ ಮರುದಿನ ಆಲಿಕಲ್ಲು ಬೀಳಬಾರದು, ಅಷ್ಟೇ. ನಮ್ಮಪ್ಪ ಹೀಗೇ ಹೇಳುತ್ತಿದ್ದರು, ನಾನೂ ಹೀಗೇ ಹೇಳುತ್ತ ಬಂದೆ. ಇಂಚರ ಆ ಚೀಲ ಓದಿದ ದಿನದಿಂದ, ಹೆಮ್ಮೆ ಜಾಸ್ತಿಯಾದಷ್ಟೂ ಹೆದರಿಕೆ ಜಾಸ್ತಿಯಾಗಿ, ಕೇಳಿದವರಿಗೂ ಕೇಳದವರಿಗೂ "ನಮ್ಮ ಹುಡುಗಿ ಏನೂ ಓದಲ್ಲ" ಎಂದು ಹೇಳಿದ್ದು ನಿಜ. ಕಾಫಿ ಗಿಡದ ಎದುರು ನಿಂತು ಎಷ್ಟು ಸಲ ಖಾಲಿ ಎಂದರೂ ಅದು ಹಣ್ಣು ಬಿಡುವುದನ್ನು ನಿಲ್ಲಿಸಿಲ್ಲ. ಮಗಳಿಗೆ ಕಿವಿ ಇದೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

"ಅದು ಸುಮ್ನೆ ಹೇಳೋದು ಪುಟ್ಟಿ. ಫಸಲು ಇದ್ರೂ ಇಲ್ಲ ಅಂತೀವಲ್ಲ, ಹಂಗೆ," ಎಂದೆ.

ಅವಳು ಬಿಡಲಿಲ್ಲ. "ಹೋದ ವರ್ಷ ಇಲ್ಲ ಅಂದಾಗ ನಿಜವಾಗ್ಲೂ ಇರ್ಲಿಲ್ಲವಲ್ಲ?"

ಹೋದ ವರ್ಷ ಮಳೆ ವಿಪರೀತವಾಗಿ ಕಾಯಿ ಉದುರಿ, ನಿಜಕ್ಕೂ ಏನೂ ಇರಲಿಲ್ಲ. ಆಗಲೂ ಇದೇ ಮುಖ ಮಾಡಿ ಇದೇ ಮಾತು ಹೇಳಿದ್ದೆ. ಹಾಗಾದರೆ ಯಾವ 'ಇಲ್ಲ' ಇಲ್ಲ, ಯಾವ 'ಇಲ್ಲ' ಇದೆ ಎಂದು ಎಂಟು ವರ್ಷದ ಮಗು ಹೇಗೆ ತಿಳಿಯಬೇಕು? ನನಗೇ ತಲೆ ಗಿರ್ ಎಂದಿತು. ಕಾಫಿ ಆರಿಹೋಗಿತ್ತು, ಅದನ್ನೇ ಕುಡಿದೆ.

ಮರುದಿನದಿಂದ ಹೊಗಳಿಕೆಯ ಕಾರ್ಯಕ್ರಮ ಹಾಕಿಕೊಂಡೆ. ಟ್ಯಾಂಕ್ ಹತ್ತಿದ್ದು ಆಗಲೇ. ಆದರೆ ಅಭ್ಯಾಸವಿಲ್ಲದ ಬಾಯಿ. "ಇಂಚರಾ, ನೀನು ಬಹಳ ಜಾಣೆ," ಎಂದು ಗಂಟಲು ಸರಿಮಾಡಿಕೊಂಡು ಹೇಳಿದರೆ, ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದೂ ಸುಮ್ನೆ ಹೇಳೋದಾ ಅಪ್ಪ?" ಎಂದಳು. ಪ್ರಯತ್ನವನ್ನು ಹೊಗಳೋಣವೆಂದು, "ಪುಸ್ತಕ ಎಷ್ಟು ಚೆನ್ನಾಗಿ ಹಿಡ್ಕೊಂಡಿದೀಯ!" ಎಂದೆ. ಅವಳು ಪುಸ್ತಕ ಕೆಳಗಿಟ್ಟು ಅಮ್ಮನ ಹತ್ತಿರ ಹೋಗಿ, ಅಪ್ಪಂಗೆ ಹುಷಾರಿಲ್ವಾ ಎಂದು ಕೇಳಿದಳಂತೆ.

ಸುಮಿತ್ರ ಬೆಳೆದ ರೀತಿಯೇ ಬೇರೆ. ಅವಳು ಚಿಕ್ಕಮಗಳೂರು ಪೇಟೆಯವಳು. ಅವಳ ಅಪ್ಪ ಮಕ್ಕಳನ್ನು ಹೊಗಳುವುದರಲ್ಲಿ ಎತ್ತಿದ ಕೈ. ನಮ್ಮ ಸುಮಿ ಹಾಡಿದರೆ ಕೋಗಿಲೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬೆಳೆಸಿದರು. ಅದರ ಫಲವಾಗಿ ಅವಳು ಇವತ್ತಿಗೂ ಯಾವ ನಾಮಕರಣ, ಯಾವ ಗೃಹಪ್ರವೇಶದಲ್ಲೂ ಯಾರೂ ಕೇಳುವ ಮೊದಲೇ ಹಾಡುತ್ತಾಳೆ. ಶ್ರುತಿ ಒಂದು ಕಡೆ, ಅವಳು ಒಂದು ಕಡೆ. ಆದರೆ ಎಷ್ಟು ಸಂತೋಷವಾಗಿ ಹಾಡುತ್ತಾಳೆಂದರೆ ಕೇಳುವವರಿಗೆ ತಾಳ ಹಾಕದೆ ಇರಲು ಆಗುವುದಿಲ್ಲ. ನನ್ನ ಗೊಂದಲ ಇದೇ: ಬಾರದ ಹಾಡನ್ನು ಬರುತ್ತದೆ ಎಂದು ನಂಬಿದವಳು ನಲವತ್ತು ವರ್ಷ ಹಾಡಿಬಿಟ್ಟಳು. ಬರುವ ಓದನ್ನು ಬರುವುದಿಲ್ಲ ಎಂದು ನಂಬಿದವಳು ಪುಸ್ತಕ ಮುಚ್ಚಿಟ್ಟಳು. ಹಾಗಾದರೆ ಮಾವನವರು ಮಾಡಿದ್ದು ಸರಿಯೇ? ಇದನ್ನು ಸುಮಿತ್ರಳ ಹತ್ತಿರ ಚರ್ಚಿಸುವಂತಿರಲಿಲ್ಲ, ಮೊದಲರ್ಧವನ್ನು ಹೇಳಿದರೆ ಎರಡನೆಯ ಅರ್ಧ ಹೇಳಲು ನಾನು ಉಳಿಯುವುದಿಲ್ಲ.

ಓದುವ ದಿನ ಬಂದೇ ಬಂತು. ಶಾಲೆಯ ಹಾಲಿನಲ್ಲಿ ಮೂವತ್ತು ನಲವತ್ತು ಜನ. ಮುಂದಿನ ಸಾಲಿನಲ್ಲೇ ಲೋಕಪ್ಪಣ್ಣ, ನಮ್ಮ ಪಕ್ಕದ ತೋಟದವರು, ಮೊಮ್ಮಗಳಿಗಾಗಿ ಬಂದಿದ್ದರು. ಒಂದೊಂದೇ ಮಗು ಎದ್ದು ಓದಿ ಚಪ್ಪಾಳೆ ಗಿಟ್ಟಿಸಿ ಕೂತಿತು. ಇಂಚರಳ ಸರದಿ ಬಂದಾಗ ಅವಳು ಹೋಗಿ ನಿಂತಳು, ಪುಸ್ತಕ ತೆರೆದಳು, ಅಷ್ಟೇ. ತುಟಿ ಬಿಗಿದುಕೊಂಡು, ಕಿವಿ ಕೆಂಪಗೆ ಮಾಡಿಕೊಂಡು ಪುಟವನ್ನೇ ನೋಡುತ್ತಿದ್ದಳು. ಫ್ಯಾನಿನ ಸದ್ದು ಕೇಳುತ್ತಿತ್ತು. ನನಗೆ ಆ ಸಣ್ಣ ಬೆಂಚು ಕಣ್ಣಿಗೆ ಕಟ್ಟಿತು. ದೇವರೇ, ನನ್ನ ನಾಲಿಗೆಯ ತಪ್ಪಿಗೆ ಅವಳ ಕಾಲು ಮಡಚಬೇಡ ಎಂದು ಬೇಡಿಕೊಂಡೆ.

ಶಾಂತಾ ಮಿಸ್ ಒಳ್ಳೆಯವರು. "ಸರ್, ನೀವು ಬಂದು ಮೊದಲ ನಾಲ್ಕು ಸಾಲು ಓದಿ. ಅವಳು ಮುಂದುವರಿಸ್ತಾಳೆ," ಎಂದರು.

ಹೋಗಿ ನಿಂತೆ. ಒಂದು ಇಲಿ ಮದುವೆಗೆ ಹೊರಟ ಕತೆ. ನಾನು ದಿನಾ ಪೇಪರ್ ಓದುವವನು, ಇಲಿಗೆಲ್ಲ ಹೆದರುವವನಲ್ಲ. ಆದರೆ ಮನಸ್ಸಿನಲ್ಲಿ ಓದುವುದೇ ಬೇರೆ, ಗಟ್ಟಿಯಾಗಿ ಓದುವುದೇ ಬೇರೆ ಎಂದು ತಿಳಿದದ್ದು ಆಗಲೇ. ಗಟ್ಟಿಯಾಗಿ ಓದಿ ಮೂವತ್ತು ವರ್ಷವಾಗಿತ್ತು. ಮೊದಲ ಸಾಲು ಹೇಗೋ ದಾಟಿದೆ. ಎರಡನೆಯ ಸಾಲಿನಲ್ಲಿ ಇಲಿ ಆಶ್ಚರ್ಯಚಕಿತವಾಯಿತು. ಅಲ್ಲಿ ನನ್ನ ನಾಲಿಗೆ ಸಿಕ್ಕಿಹಾಕಿಕೊಂಡಿತು. ಒಂದು ಸಲ ಅಂದೆ, ಅರ್ಧಕ್ಕೇ ನಿಂತಿತು. ಮತ್ತೆ ಅಂದೆ, ಬೇರೆಯೇ ಏನೋ ಬಂತು. ಯಾರೋ ಕಿಸಕ್ಕೆಂದರು. ಬೆವರು ಕನ್ನಡಕದ ಮೇಲೆ ಇಳಿಯಿತು. ನಲವತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು, ಅಕ್ಷರಗಳು ಮಾತ್ರ ನನ್ನನ್ನು ಗುರುತೇ ಇಲ್ಲದಂತೆ ನಿಂತಿದ್ದವು.

ಆಗ ಪಕ್ಕದಿಂದ ಒಂದು ಸಣ್ಣ ಬೆರಳು ಬಂದು ಆ ಪದದ ಕೆಳಗೆ ಕೂತಿತು. "ಆಶ್ಚರ್ಯಚಕಿತವಾಯಿತು," ಎಂದಳು ಇಂಚರ, ನನಗೆ ಮಾತ್ರ ಕೇಳುವಂತೆ. ನಾನು ಹಾಗೇ ಹೇಳಿದೆ. ಬೆರಳು ಮುಂದಕ್ಕೆ ಸರಿಯಿತು. ಇನ್ನೊಂದು ಪದ ಹೇಳಿಕೊಟ್ಟಳು. ಮೂರನೆಯದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. ಅಪ್ಪನ ಮಾನ ಉಳಿಸುವ ಅವಸರದಲ್ಲಿ ಅವಳ ದನಿ ಎತ್ತರವಾಗುತ್ತ ಹೋಯಿತು. ನಾನು ಯಾವಾಗ ನಿಲ್ಲಿಸಿದೆನೋ ನನಗೇ ಗೊತ್ತಿಲ್ಲ. ಇಲಿ ಮದುವೆಗೆ ಹೋಗಿ, ಊಟ ಮಾಡಿ, ಪುಟ ಮುಗಿಯುವವರೆಗೂ ಅವಳೇ ಓದಿದಳು. ತನಗೆ ಓದಲು ಬರುವುದಿಲ್ಲ ಎಂಬುದು ಅವಳಿಗೆ ಮರೆತೇಹೋಗಿತ್ತು. ಚಪ್ಪಾಳೆ ಬಿದ್ದಾಗ ಅವಳೇ ಬೆಚ್ಚಿದಳು.

"ಭೇಷ್ ಇಂಚರಾ! ಮುಂದಿನ ವರ್ಷ ನಾಲ್ಕನೇ ಕ್ಲಾಸಲ್ಲೇ ಕೂತ್ಕೋ ನೀನು," ಎಂದರು ಶಾಂತಾ ಮಿಸ್.

ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ನನ್ನ ಕೈ ಹಿಡಿದುಕೊಂಡು ಇಡೀ ಹಾಲಿಗೆ ಕೇಳುವಂತೆ ಹೇಳಿದಳು: "ಅಪ್ಪಂಗೆ ಅಷ್ಟೊಂದು ಓದಕ್ಕೆ ಬರಲ್ಲ ಮಿಸ್. ಮನೇಲಿ ನಾನು ಹೇಳ್ಕೊಡ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಎದೆಯಲ್ಲಿ ಚುಚ್ಚಿದ್ದು ನಿಜ. ಎದುರಿಗೇ ನಿಂತವನ ಬಗ್ಗೆ, ಅವನಿಗೆ ಕಿವಿಯೇ ಇಲ್ಲವೇನೋ ಎಂಬಂತೆ, ಪ್ರೀತಿಯಿಂದ ಹೀಗೆ ಹೇಳಿದರೆ ಹೇಗಿರುತ್ತದೆ ಎಂದು ಗೊತ್ತಾಯಿತು. ಮದುವೆ ಊಟದಲ್ಲಿ ನಾನು ಆ ಕಡೆಯವರಿಗೂ ಈ ಕಡೆಯವರಿಗೂ ಹೀಗೆ ಹೇಳಿದ್ದನ್ನು ಅವಳು ಕೂತು ಕೇಳಿದ್ದಳು.

ಹೊರಗೆ ಲೋಕಪ್ಪಣ್ಣ ಬೆನ್ನು ತಟ್ಟಿದರು. "ಎಂತ ತಲೆ ಮಾರಾಯ ನಿಂದು! ಬೇಕಂತ್ಲೇ ತಡವರಿಸಿ ಹುಡುಗೀನ ಓದ್ಸಿಬಿಟ್ಯಲ್ಲ!" ಸುತ್ತ ನಿಂತವರು ಹೌದು ಹೌದು ಎಂದರು. ಶಾಂತಾ ಮಿಸ್ ಕೂಡ ನನ್ನನ್ನು ಗೌರವದಿಂದ ನೋಡಿದರು. ಅದು ಬೇಕೆಂದು ಮಾಡಿದ್ದಲ್ಲ, ನಿಜವಾಗಿಯೂ ಬರಲಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ವಿನಯ ಅಂದುಕೊಳ್ಳುತ್ತಾರೆ. ಹೇಳದಿದ್ದರೆ ಮೋಸ. ಕೊನೆಗೆ ಮುಗುಳ್ನಕ್ಕು ಜೀಪು ಹತ್ತಿದೆ. ಪಕ್ಕದಲ್ಲಿ ಕೂತ ಸುಮಿತ್ರ ಮಾತ್ರ "ನಂಗೆ ಗೊತ್ತು ಬಿಡಿ," ಎಂದಳು.

ಈಗ ದಿನಾ ಸಂಜೆ ನನಗೆ ಪಾಠ. ಇಂಚರ ಶಾಲೆಯಿಂದ ಬಂದು, ಕೈಕಾಲು ತೊಳೆದು, ಪುಸ್ತಕ ತಂದು ನನ್ನೆದುರು ಕೂರುತ್ತಾಳೆ. ಒಂದು ಪುಟ ಅವಳು, ಒಂದು ಪುಟ ನಾನು. ಅವಳು ನೀರು ಕುಡಿದಷ್ಟು ಸಲೀಸಾಗಿ ಓದುತ್ತಾಳೆ. ನನಗೆ ಮಾತ್ರ ಅವತ್ತಿನಿಂದ ಏನಾಗಿದೆಯೋ, ಪೇಪರ್ ಹಿಡಿದರೂ ಉದ್ದದ ಪದ ಕಂಡಲ್ಲಿ ಒಂದು ಕ್ಷಣ ನಿಲ್ಲುತ್ತೇನೆ, ನನಗೆ ಇದು ಬರುತ್ತದೋ ಇಲ್ಲವೋ ಎಂದು. ಡಿಗ್ರಿ ಮಾಡಿದವನು ನಾನು. ಆದರೂ ಅನುಮಾನ.

ಮೊನ್ನೆ ಒಂದು ಇಡೀ ಪುಟ ಎಲ್ಲೂ ತಡವರಿಸದೆ ಓದಿದೆ. ಓದಿ ಮುಗಿಸಿ ತಲೆಯೆತ್ತಿ ಅವಳ ಮುಖ ನೋಡಿದೆ. ಒಂದು ಮಾತು, ಪರವಾಗಿಲ್ಲ ಎಂದಾದರೂ, ಬರುತ್ತದೆಂದು ಕಾದೆ. ಎದೆ ಡವಡವ ಎನ್ನುತ್ತಿತ್ತು, ನಾಚಿಕೆಗೇಡು. ಅವಳು ಏನೂ ಹೇಳದೆ ಪುಟ ತಿರುಗಿಸಿದಳು. ಚೆನ್ನಾಗಿತ್ತು ಎಂದು ತಿರುಗಿಸಿದಳೋ, ಹೇಳಿ ಪ್ರಯೋಜನವಿಲ್ಲ ಎಂದು ತಿರುಗಿಸಿದಳೋ? ಊಟಕ್ಕೆ ಕೂತಾಗಲೂ ನಾನು ಅವಳನ್ನೇ ನೋಡುತ್ತಿದ್ದೆ.

"ಎಂತ ಅಪ್ಪ ಹಂಗೆ ನೋಡ್ತೀಯ? ಊಟ ಮಾಡು," ಎಂದಳು.

ಮಾಡಿದೆ.