ಇಬ್ಬರು ರಾಕ್ ಸಂಗೀತಗಾರರನ್ನು ನಾನು ತೂಗಿದ್ದು

ನಾನು ಮನಸ್ಸು ಮಾಡಿದರೆ ಯಾರನ್ನು ಬೇಕಾದರೂ ಯಾರ ಜೊತೆಗಾದರೂ ಹೋಲಿಸಬಲ್ಲೆ. ಇದು ಜಂಬವಲ್ಲ, ಅನುಭವ. ನಾಗಪುರದ ನಮ್ಮ ಕನ್ನಡ ಸಂಘದಲ್ಲಿ ತಿಂಗಳಿಗೊಂದು ತೌಲನಿಕ ಉಪನ್ಯಾಸ ನಡೆಯುತ್ತದೆ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಗುಣ ಹೇಳಿ, ಪ್ರಭಾವ ಹೇಳಿ, ಕೊನೆಗೆ ಯಾರು ಮೇಲು ಎಂದು ತೀರ್ಪು ಕೊಡಲೇಬೇಕು. ತೀರ್ಪು ಕೊಡದವರಿಗೆ ಉಪ್ಪಿಟ್ಟು ಸಿಗುತ್ತದೆ, ಚಪ್ಪಾಳೆ ಸಿಗುವುದಿಲ್ಲ. ಹನ್ನೆರಡು ವರ್ಷಗಳಲ್ಲಿ ನಾನು ಕವಿಗಳನ್ನು ತೂಗಿದ್ದೇನೆ, ರಾಗಗಳನ್ನು ತೂಗಿದ್ದೇನೆ, ಒಮ್ಮೆ ಧಾರವಾಡದ ಪೇಡೆಯನ್ನೂ ನಾಗಪುರದ ಸಂತ್ರಾ ಬರ್ಫಿಯನ್ನೂ ತೂಗಿದ್ದೇನೆ. ಪೇಡೆಯ ಪರ ಕೊಟ್ಟ ತೀರ್ಪಿನಿಂದ ಸಂಘ ಆರು ವಾರ ಎರಡು ಹೋಳಾಗಿತ್ತು.

ಇಂಥ ನಾನು ಏಪ್ರಿಲ್ ತಿಂಗಳಿಗೆ ಆರಿಸಿಕೊಂಡದ್ದು ಎಲ್ಡನ್ ಕ್ರೇ ಮತ್ತು ಟೋಬಿ ಹಾರ್ಕ್ ಎಂಬ ಇಬ್ಬರು ಪ್ರಾಯೋಗಿಕ ರಾಕ್ ಸಂಗೀತಗಾರರನ್ನು. ಸಂಘದ ಅಧ್ಯಕ್ಷ, ಮೈಸೂರಿನ ಗುರುಪ್ರಸಾದ್, ಫೋನಿನಲ್ಲಿ ಆ ಹೆಸರುಗಳನ್ನು ಎರಡು ಸಲ ಹೇಳಿಸಿಕೊಂಡರು.

“ಶ್ರೀಕಾಂತರೇ, ಮೈ ಹುಷಾರಾಗಿದೆ ತಾನೆ?” ಎಂದರು.

ಮೈ ಹುಷಾರಿತ್ತು, ಮನಸ್ಸು ಇರಲಿಲ್ಲ. ಮಗಳು ಮೃದುಲಾ ನನ್ನ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಫೆಬ್ರುವರಿಯಲ್ಲಿ ನೆಂಟರು ಬಂದಾಗ ಅವಳು ತಾನೇ ಕಟ್ಟಿದ್ದೊಂದನ್ನು ಗಿಟಾರಿನಲ್ಲಿ ನುಡಿಸುತ್ತಿದ್ದಳು. ನಾನು ನಡುವೆ ಬಾಯಿ ಹಾಕಿ, “ಸಾಕು ಬಿಡವ್ವಾ, ತಗಡು ಬಡಿದಂಗ ಆಗ್ಲಿಕತ್ತದ” ಎಂದೆ. ನೆಂಟರು ನಕ್ಕರು. ಅವಳು ಗಿಟಾರನ್ನು ಚೀಲಕ್ಕೆ ಹಾಕಿದಳು. ಆಮೇಲೆ ನನಗೆ ಹೇಳಬೇಕಾದ್ದೆಲ್ಲ ಅವಳ ಅಮ್ಮ ಲೀಲಾಳ ಮೂಲಕ ಬರತೊಡಗಿತು.

“ಅಮ್ಮಾ, ಅಪ್ಪಗ ಹೇಳು, ಗಾಡಿ ಕೀಲಿ ಟೇಬಲ್ ಮ್ಯಾಲ ಅದ.”

ನಾನು ಆ ಟೇಬಲ್ಲಿನ ಪಕ್ಕದಲ್ಲೇ ಕೂತಿರುತ್ತಿದ್ದೆ. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ನೂರು ಜನ ನನ್ನ ಮೇಲೆ ರೇಗಿದರೂ ಊಟ ಸೇರುತ್ತದೆ. ಈ ಒಂದು ಹುಡುಗಿ ಮಾತು ಬಿಟ್ಟ ಮೇಲೆ ಸೇರಲಿಲ್ಲ. ಅವಳು ಪ್ರಾಣ ಬಿಡುವ ಕಲಾವಿದರು ಇವರಿಬ್ಬರೇ. ವೇದಿಕೆ ಮೇಲೆ ಅವರನ್ನು ಹಾಡಿ ಹೊಗಳಿದರೆ ಮಗಳು ಮಾತಾಡದೆ ಎಲ್ಲಿಗೆ ಹೋಗುತ್ತಾಳೆ ಎಂಬುದು ನನ್ನ ಲೆಕ್ಕಾಚಾರ.

ಲೀಲಾ ಉಪನ್ಯಾಸದ ಸಂದೇಶ ಒಯ್ದಳು, ಉತ್ತರ ತಂದಳು. “ಬರ್ತಾಳಂತ. ಆದ್ರ ಪೂರಾ ಕೇಳಿ ಮಾತಾಡ್ಬೇಕಂತ.”

ಮೃದುಲಾ ಎರಡು ಹಾಡುಗಳನ್ನು ಅಮ್ಮನ ಫೋನಿಗೆ ಕಳಿಸಿದಳು. ಅಮ್ಮ ನನಗೆ ಕಳಿಸಬೇಕು. ಅವಕ್ಕೆ ಹೆಸರಿರಲಿಲ್ಲ, ಬರೀ ಅಂಕಿಗಳಿದ್ದವು. ಅದೇ ದಿನ ನಮ್ಮ ಕೂಲರ್ ಕೆಟ್ಟಿತು. ನಾಗಪುರದ ಏಪ್ರಿಲ್ಲಿನಲ್ಲಿ ಕೂಲರ್ ಕೆಟ್ಟ ಮನೆಗೆ ಬೇರೆ ಶನಿ ಬೇಕಿಲ್ಲ. ರಿಪೇರಿಯ ಪ್ರೀತಮ್ ಆ ಸೀಸನ್ನಿನಲ್ಲಿ ಕರೆದ ಕೂಡಲೇ ಬರುವವನಲ್ಲ. ಮೊದಲು ಅದರ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸಿ ಎನ್ನುತ್ತಾನೆ. ಕೇಳಿಯೇ ರೋಗ ಹೇಳುತ್ತಾನೆ. ಲೀಲಾ ಅದನ್ನೂ ಕಳಿಸಿದಳು.

ನಾನು ಅಧ್ಯಯನಕ್ಕೆ ಕೂತೆ. ಮೊದಲನೆಯದು ಎಲ್ಡನ್ ಕ್ರೇಯದು. ಒಳ್ಳೆಯ ಹಾಡಾಗಿ ಶುರುವಾಗಿ, ಏನೋ ಜಗಳವಾದಂತೆ ಒಡೆದು ಚೂರಾಗುತ್ತದೆ. ಎರಡನೆಯದರಲ್ಲಿ ಹಾಡೇ ಇಲ್ಲ. ಗರಗರ ಎನ್ನುತ್ತದೆ, ನೀರು ತೊಟ್ಟಿಕ್ಕುತ್ತದೆ, ಆಗಾಗ ಟಕ್ ಎಂದು ತಗಡು ತಗಲುತ್ತದೆ. ಎಲ್ಲೋ ಕೇಳಿದ ಹಾಗಿದೆಯಲ್ಲ ಎನಿಸಿತು. ‘ಹಾರ್ಕನ ಪ್ರಭಾವ ನಮಗೇ ತಿಳಿಯದಂತೆ ನಮ್ಮ ಮನೆಗಳನ್ನು ಹೊಕ್ಕಿದೆ’ ಎಂದು ಬರೆದುಕೊಂಡೆ.

ಎರಡು ನಿಮಿಷಕ್ಕೆ ನಿಲ್ಲಿಸಿದೆ.

“ಪೂರಾ ಕೇಳಿದ್ರೇನ್ರೀ?” ಲೀಲಾ ಒಳಗಿನಿಂದ ಕೇಳಿದಳು.

“ಅನ್ನ ಬೆಂದದ್ದು ತಿಳೀಲಿಕ್ಕೆ ಒಂದು ಅಗಳು ಸಾಕು.”

ಮಗಳನ್ನೇ ಒಂದು ಮಾತು ಕೇಳಬಹುದಿತ್ತು. ಆದರೆ ನಮ್ಮಲ್ಲಿ ಮಾತೇ ಇರಲಿಲ್ಲವಲ್ಲ.

ಭಾನುವಾರ ಸಂಜೆ ಲಕ್ಷ್ಮೀ ನಗರದ ಸಭಾಂಗಣದಲ್ಲಿ ನಲವತ್ತು ಜನ ಸೇರಿದ್ದರು. ಮೃದುಲಾ ಮುಂದಿನ ಸಾಲಿನಲ್ಲಿದ್ದಳು. ನನಗೆ ಆನೆಬಲ ಬಂತು.

“ಕ್ರೇ ಹಾಡನ್ನು ಒಡೆದು ಸದ್ದು ಮಾಡಿದ. ಹಾರ್ಕ್ ಸದ್ದಿನೊಳಗೆ ಹಾಡನ್ನು ಹುಡುಕಿದ. ಕ್ರೇಯನ್ನು ನೂರಾರು ಹುಡುಗರು ಅನುಕರಿಸಿದರು, ಅದು ಸುಲಭ. ಹಾರ್ಕನನ್ನು ಅನುಕರಿಸಲು ಯಾರಿಂದಲೂ ಆಗಲಿಲ್ಲ. ಆದರೆ ಅವನನ್ನು ಕೇಳಿದವರು ಸದ್ದನ್ನು ಮೊದಲಿನಂತೆ ಕೇಳಲಾರರು,” ಎಂದೆ. ಮೃದುಲಾ ತಲೆದೂಗಿದಳು. ನನ್ನ ಕಣ್ಣು ತುಂಬಿಬಂತು. “ಆದ್ದರಿಂದ ಟೋಬಿ ಹಾರ್ಕನೇ ಮೇಲು. ಸಾಕ್ಷಿಗೆ, ಅವನ ಕೃತಿಯನ್ನು ಪೂರ್ತಿ ಕೇಳೋಣ.”

ಸ್ಪೀಕರಿನಿಂದ ಗರಗರ ಹೊರಟಿತು. ಹಿರಿಯರು ಕಣ್ಣು ಮುಚ್ಚಿದರು. ಮೃದುಲಾಳ ಹುಬ್ಬು ಗಂಟಾಯಿತು. ಅವಳು ಅಮ್ಮನನ್ನು ನೋಡಿದಳು, ಅಮ್ಮ ನನ್ನನ್ನು ನೋಡಿದಳು. ಇಬ್ಬರಿಗೂ ಮನಸ್ಸು ತುಂಬಿ ಬಂದಿದೆ ಎಂದುಕೊಂಡೆ. ಟಕ್ ಎಂದಾಗಲೆಲ್ಲ ಗುರುಪ್ರಸಾದ್ ಗಂಭೀರವಾಗಿ ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ನಾಲ್ಕನೆಯ ನಿಮಿಷದಲ್ಲಿ ಸದ್ದು ನಿಂತು, ಹೆಣ್ಣಿನ ದನಿಯೊಂದು ಕೇಳಿತು.

“ಪ್ರೀತಮ್ ಭಯ್ಯಾ, ಆವಾಜ್ ಬರಾಬರ್ ಆಯಾ ಕ್ಯಾ? ಪಂಪ್ ಗಯಾ ಲಗ್ತಾ ಹೈ. ಜಲ್ದಿ ಆ ಜಾವೋ.”

ಪಂಪು ಹೋದಂತಿದೆ, ಬೇಗ ಬಾ ಎಂದು ಕೂಲರಿನವನನ್ನು ಕರೆಯುತ್ತಿದ್ದ ದನಿ. ಪ್ರತಿ ತಿಂಗಳು ಸಂಘದಲ್ಲಿ ಪ್ರಾರ್ಥನೆ ಹಾಡುವವಳು ಲೀಲಾ. ಆ ದನಿ ಯಾರದೆಂದು ನಲವತ್ತು ಜನರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

“ತೀರ್ಪು ಹಾಗೇ ಇರಲೋ, ಬದಲಾಯಿಸ್ತೀರೋ?” ಎಂದು ಗುರುಪ್ರಸಾದ್ ಮೆಲ್ಲಗೆ ಕೇಳಿದರು.

ಮೃದುಲಾ ಎದ್ದು ಹೊರಟುಹೋದಳು. ಅವಳ ಸ್ಕೂಟಿ ಶುರುವಾದದ್ದು ಕೇಳಿಸಿತು. ಪೂರಾ ಕೇಳು ಎಂದು ಅವಳು ಕೇಳಿದ್ದು ಒಂದೇ ಒಂದು; ಅದನ್ನೂ ನಾನು ಮಾಡಿರಲಿಲ್ಲ, ಮಾಡಿಲ್ಲವೆಂದು ಊರಿಗೆಲ್ಲ ಧ್ವನಿವರ್ಧಕದಲ್ಲಿ ಸಾರಿದ್ದೆ. ಉಪ್ಪಿಟ್ಟು ಮುಟ್ಟದೆ ನಾವಿಬ್ಬರೂ ಪ್ರತಾಪ ನಗರದ ಮನೆಗೆ ಬಂದೆವು.

ಬಾಗಿಲು ತೆರೆದಿತ್ತು. ಪ್ರೀತಮ್ ಸ್ಟೂಲು ಹತ್ತಿ ಕೂಲರಿನೊಳಗೆ ಕೈ ಹಾಕಿದ್ದ. ಮೃದುಲಾ ನೆಲದ ಮೇಲೆ ಕೂತಿದ್ದಳು.

“ಭಾಭೀಜಿ, ಆಪನೆ ಜೋ ಭೇಜಾ, ವೋ ಕೂಲರ್ ನಹೀಂ ಹೈ,” ಎಂದ ಪ್ರೀತಮ್. ನಾವು ಕಳಿಸಿದ್ದು ಕೂಲರೇ ಅಲ್ಲವಂತೆ. ಲೀಲಾಳ ಬೆರಳು ಜಾರಿ ಕೂಲರಿನ ಸದ್ದು ನನಗೂ ಹಾರ್ಕನ ಹಾಡು ಅವನಿಗೂ ಹೋಗಿತ್ತು. ರೋಗ ಹಿಡಿಯಲೆಂದು ಒಂಬತ್ತು ನಿಮಿಷದ ಹಾಡನ್ನು ಅವನು ನಾಲ್ಕು ಸಲ ಕೇಳಿದ್ದನಂತೆ. “ಛಟೇ ಮಿನಿಟ್ ಮೇಂ ಕೋಯಿ ರೋತಾ ಹೈ. ಪಂಪ್ ಐಸಾ ನಹೀಂ ರೋತಾ.” ಆರನೆಯ ನಿಮಿಷದಲ್ಲಿ ಯಾರೋ ಅಳುತ್ತಾರೆ, ಪಂಪು ಹಾಗೆ ಅಳುವುದಿಲ್ಲ ಎಂಬುದು ಅವನ ವಾದ.

ಮೃದುಲಾ ತಲೆಯೆತ್ತಿ ನನ್ನನ್ನು ನೋಡಿದಳು. “ಅಪ್ಪಾ, ಕೂಡು ಇಲ್ಲೆ. ಪೂರಾ ಕೇಳು.”

ಎರಡು ತಿಂಗಳ ಮೇಲೆ, ನಡುವೆ ಅಮ್ಮನಿಲ್ಲದೆ ಬಂದ ಮಾತು. ನಾನು ನೆಲಕ್ಕೆ ಕೂತೆ. ಅವಳು ಫೋನಿನಲ್ಲಿ ಹಾರ್ಕನ ಹಾಡು ಹಾಕಿದಳು. ಗರಗರ, ಕಿರ್ ಕಿರ್, ಎಲ್ಲ ಆಯಿತು. ಐದು ನಿಮಿಷ ದಾಟಿದಾಗ ಪ್ರೀತಮ್ ಸ್ಕ್ರೂಡ್ರೈವರ್ ಎತ್ತಿ, “ಅಬ್ ಆಯೇಗಾ” ಎಂದ. ಸದ್ದೆಲ್ಲ ತೆಳ್ಳಗಾಗಿ ಅದರ ಹಿಂದಿನಿಂದ ಒಬ್ಬ ಮುದುಕ ಯಾರನ್ನೋ ಕೂಗುತ್ತಿದ್ದ. ಪದವಿರಲಿಲ್ಲ, ಬರೀ ಕೂಗು. ನಾಲ್ವರೂ ಕೊನೆಯವರೆಗೆ ಅಲ್ಲಾಡಲಿಲ್ಲ.

“ಈಗ ಹೇಳ್ರಿ ತೀರ್ಪು,” ಎಂದಳು ಲೀಲಾ. “ಯಾರು ಮ್ಯಾಲು?”

“ಪ್ರೀತಮ್,” ಎಂದೆ.

“ಜೀ ಸಾಬ್?” ಎಂದು ಅವನು ಸ್ಟೂಲಿನಿಂದ ಬಗ್ಗಿದ.

ಮೃದುಲಾ ನಕ್ಕಳೋ ಮೂಗು ಒರೆಸಿಕೊಂಡಳೋ ತಿಳಿಯಲಿಲ್ಲ. ಒಳಗೆ ಹೋಗಿ ಗಿಟಾರ್ ತಂದು ಚೀಲದ ಜಿಪ್ ಎಳೆದಳು.

“ಪ್ರೀತಮ್ ಭಯ್ಯಾ, ರುಕೋ. ಏಕ್ ಮೇರಾ ಭೀ ಸುನೋ,” ಎಂದು ತನ್ನದೂ ಒಂದು ಕೇಳಲು ಅವನನ್ನು ನಿಲ್ಲಿಸಿಕೊಂಡಳು. ನಾನು ಸರಿಯಾಗಿ ಚಕ್ಕಳಮಕ್ಕಳ ಹಾಕಿದೆ. ಅವಳು ನನ್ನತ್ತ ತಿರುಗಿದಳು. “ಅಪ್ಪಾ, ನೀ ಮದಲ ಕೂಲರಿಗೆ ನೀರು ಹಾಕು. ಆಮ್ಯಾಲ ಬಂದು ಕೂಡು.”

ನಾನು ಬಕೆಟ್ ಹಿಡಿದು ನಲ್ಲಿಯ ಕಡೆ ಓಡಿದೆ. ಒಳಗೆ ಅವಳು ತಂತಿ ಶ್ರುತಿ ಮಾಡುತ್ತಿದ್ದಳು. ಶುರುವಾಗುವ ಮೊದಲು ನಾನು ಹೇಗಾದರೂ ಅಲ್ಲಿಗೆ ತಲುಪಬೇಕಿತ್ತು.